ಫೆಬ್ರುವರಿಯಲ್ಲಿ ಊರು ಬಿಡುವ ತಂಡ

ಫೆಬ್ರುವರಿ ಬಂತೆಂದರೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಮನೆ ಖಾಲಿ ಮಾಡುತ್ತದೆ. ಎನ್‌ಬಿಎ ಲೀಗನ್ನು ಐದು ಸಲ ಗೆದ್ದ ಸ್ಪರ್ಸ್ ತಂಡದ ಅಂಗಳಕ್ಕೆ ಲಾರಿಗಟ್ಟಲೆ ಮಣ್ಣು ಸುರಿದು, ಅದರ ಮೇಲೆ ಕುದುರೆ, ಹೋರಿಗಳನ್ನು ಬಿಡುತ್ತಾರೆ. ಅದು ಆ ಊರಿನ ರೋಡಿಯೊ ಉತ್ಸವ. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋರಿ ಸವಾರಿಯ ಪಂದ್ಯವನ್ನೂ ರಾತ್ರಿಯ ಸಂಗೀತವನ್ನೂ ಸೇರಿಸಿದರೆ ಹೇಗಿರುತ್ತದೋ ಹಾಗೆ. ಅದು ಮುಗಿಯುವವರೆಗೆ, ಹೆಚ್ಚುಕಡಿಮೆ ಮೂರು ವಾರ, ಆಟಗಾರರು ಪೆಟ್ಟಿಗೆ ಕಟ್ಟಿಕೊಂಡು ಊರೂರು ಅಲೆಯಬೇಕು.

ಈ ಏರ್ಪಾಡು ಲೀಗ್ ಕಚೇರಿ ವಿಧಿಸಿದ್ದಲ್ಲ, ಊರಿನವರೇ ಮಾಡಿಕೊಂಡದ್ದು. ರೋಡಿಯೊ 1950ರಿಂದಲೂ ಫ್ರೀಮನ್ ಕಲೀಸಿಯಮ್ ಎಂಬ ಹಳೆಯ ಕಟ್ಟಡದಲ್ಲಿ ನಡೆಯುತ್ತಿತ್ತು. ಹೋಟೆಲ್ ಕೋಣೆ ಮತ್ತು ಬಾಡಿಗೆ ಕಾರುಗಳ ಮೇಲೆ ತೆರಿಗೆ ಹಾಕಿ ಅದರ ಪಕ್ಕದಲ್ಲೇ ಹೊಸ ಅಂಗಳ ಕಟ್ಟಲು 1999ರಲ್ಲಿ ಅಲ್ಲಿನ ಜನ ಮತ ಹಾಕಿದರು. ತಂಡಕ್ಕೂ ರೋಡಿಯೊಗೂ ಒಂದೇ ಸೂರು. 2002ರ ಶರತ್ಕಾಲದಲ್ಲಿ ಬಾಗಿಲು ತೆರೆಯಿತು. ಮರುವರ್ಷದ ಫೆಬ್ರುವರಿಯಲ್ಲಿ ಮೊದಲ ರೋಡಿಯೊ ಪ್ರವಾಸ ಹೊರಟ ಸ್ಪರ್ಸ್, ಪರ ಊರುಗಳ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದು ಬಂದಿತು. ಆ ಬೇಸಿಗೆಯಲ್ಲಿ ಚಾಂಪಿಯನ್ ಆಯಿತು. ಪ್ರವಾಸದಿಂದಲೇ ಗೆದ್ದರು ಎಂದು ನಾನು ಹೇಳಲಾರೆ. ಟಿಮ್ ಡಂಕನ್ ಅಂಥ ಆಟಗಾರ ಜೊತೆಗಿದ್ದರೆ ಯಾವ ಪ್ರವಾಸವೂ ತೀರ್ಥಯಾತ್ರೆಯೇ.

ಪ್ರತಿ ಆಗಸ್ಟ್‌ನಲ್ಲಿ ಲೀಗಿನ ವೇಳಾಪಟ್ಟಿ ಹೊರಬೀಳುತ್ತಿದ್ದಂತೆ ಪತ್ರಕರ್ತರು ಇಂಥ ಪ್ರವಾಸಗಳನ್ನು ಮರೆತು ‘ಯಾರ ಪಟ್ಟಿ ಕಷ್ಟದ್ದು’ ಎಂದು ಲೆಕ್ಕಕ್ಕೆ ಕೂರುತ್ತಾರೆ. ಎದುರಾಳಿಗಳು ಹಿಂದಿನ ವರ್ಷ ಎಷ್ಟು ಗೆದ್ದಿದ್ದರು ಎಂಬುದರ ಸರಾಸರಿ ತೆಗೆದು 30 ತಂಡಗಳನ್ನೂ ಸಾಲಾಗಿ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಈ ಲೆಕ್ಕ ಅರ್ಧ ಸುಳ್ಳು. ಏಕೆಂದರೆ ಯಾರ ಮೇಲೆ ಆಡಬೇಕೆನ್ನುವುದು ಬಹುಪಾಲು ಮೊದಲೇ ಗೊತ್ತು. ಲೀಗಿನ ಎರಡು ಹೋಳುಗಳೇ ಕಾನ್ಫರೆನ್ಸುಗಳು, ಅವುಗಳೊಳಗೆ ಐದೈದು ತಂಡಗಳ ಗುಂಪು ಡಿವಿಷನ್. ಒಂದು ತಂಡಕ್ಕೆ 82 ಪಂದ್ಯ. ಸ್ವಂತ ಡಿವಿಷನ್ನಿನ ನಾಲ್ಕು ತಂಡಗಳೊಡನೆ ನಾಲ್ಕು ನಾಲ್ಕು ಸಲ, ಅಂದರೆ 16. ಅದೇ ಕಾನ್ಫರೆನ್ಸಿನ ಉಳಿದ ಹತ್ತರಲ್ಲಿ ಆರು ತಂಡಗಳೊಡನೆ ನಾಲ್ಕು ಸಲ, ನಾಲ್ಕು ತಂಡಗಳೊಡನೆ ಮೂರು ಸಲ, ಒಟ್ಟು 36. ಆಚೆ ಕಾನ್ಫರೆನ್ಸಿನ ಹದಿನೈದು ತಂಡಗಳೊಡನೆ ಎರಡೆರಡು ಸಲ, 30. ಮೂರೇ ಸಲ ಸಿಗುವ ಆ ನಾಲ್ಕು ತಂಡಗಳು ಯಾವುವು ಎಂಬುದೂ ಸರದಿಯ ಪ್ರಕಾರ ಬದಲಾಗುತ್ತದೆ. ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ ಹಿಂದಿನ ವರ್ಷದ ಸ್ಥಾನ ನೋಡಿ ಕೆಲವು ಎದುರಾಳಿಗಳನ್ನು ಕೊಡುವ ಪದ್ಧತಿಯಿದೆ, ಇಲ್ಲಿ ಅದಿಲ್ಲ. ಹೀಗಾಗಿ ಒಂದೇ ಕಾನ್ಫರೆನ್ಸಿನ ತಂಡಗಳ ನಡುವೆ ಆ ಸರಾಸರಿಯ ಅಂತರ ಕೂದಲೆಳೆಯಷ್ಟು. ಅದರ ಮೇಲೆ, ಬಲಿಷ್ಠ ತಂಡ ತನ್ನ ಮೇಲೆ ತಾನೇ ಆಡುವಂತಿಲ್ಲವಲ್ಲ, ಆದ್ದರಿಂದ ಅದರ ಪಟ್ಟಿ ಯಾವಾಗಲೂ ಕೊಂಚ ಸುಲಭವಾಗಿಯೇ ಕಾಣುತ್ತದೆ!

ಕಷ್ಟವಿರುವುದು ಯಾವಾಗ, ಎಲ್ಲಿ, ಹಿಂದಿನ ರಾತ್ರಿ ಎಲ್ಲಿ ಮಲಗಿದ್ದರು ಎಂಬುದರಲ್ಲಿ. ಇದರ ಬೇರು ಲೀಗ್ ಹುಟ್ಟಿದ ಕ್ಷಣದಲ್ಲೇ ಇದೆ. 1946ರಲ್ಲಿ ಲೀಗ್ ಕಟ್ಟಿದವರಲ್ಲಿ ಹೆಚ್ಚಿನವರು ಬ್ಯಾಸ್ಕೆಟ್‌ಬಾಲ್ ಪ್ರೇಮಿಗಳಲ್ಲ, ಐಸ್ ಹಾಕಿ ಅಂಗಳಗಳ ಮಾಲೀಕರು. ಹಾಕಿ ಇಲ್ಲದ ರಾತ್ರಿ ಕುರ್ಚಿಗಳು ಖಾಲಿ ಬೀಳಬಾರದೆಂಬುದು ಅವರ ಚಿಂತೆ. ಅಂಗಳದ ದಿನಚರಿಯಲ್ಲಿ ಮಿಕ್ಕ ದಿನವೇ ಬ್ಯಾಸ್ಕೆಟ್‌ಬಾಲ್ ದಿನ. ಮೊದಲ ವರ್ಷ ಹನ್ನೊಂದು ತಂಡ, ತಲಾ 60 ಪಂದ್ಯದ ಯೋಜನೆ.

ಆ ಮಿಕ್ಕ ದಿನಗಳನ್ನು ಹೆಣೆಯುವ ಕೆಲಸ ಎಡ್ಡಿ ಗಾಟ್ಲೀಬ್ ಎಂಬಾತನ ಪಾಲಿಗೆ ಬಂತು. ಕೀವ್‌ನಲ್ಲಿ ಹುಟ್ಟಿ ಫಿಲಡೆಲ್ಫಿಯದಲ್ಲಿ ಬೆಳೆದವನು, ಅಲ್ಲಿನ ವಾರಿಯರ್ಸ್ ತಂಡದ ಕೋಚ್, ಆಮೇಲೆ ಮಾಲೀಕ. ಒಂದು ತಂಡದ ಮಾಲೀಕನೇ ಇಡೀ ಲೀಗಿನ ಪಟ್ಟಿ ಬರೆಯುವುದೆಂದರೆ ಇಂದು ಯಾರಾದರೂ ಕೋರ್ಟು ಹತ್ತುತ್ತಿದ್ದರು. ದಶಕಗಳ ಕಾಲ, 1970ರ ದಶಕದ ಕೊನೆಯ ಹೊತ್ತಿನವರೆಗೂ, ಆತ ಕಾಗದ ಪೆನ್ಸಿಲ್ ಹಿಡಿದೇ ಅದನ್ನು ಬರೆದ. ಆ ನಡುವೆ ಪಂದ್ಯಗಳ ಸಂಖ್ಯೆ ಏರುತ್ತಾ ಹೋಗಿ 1967-68ರಲ್ಲಿ 82ಕ್ಕೆ ನಿಂತಿತು. ಊರುಗಳೂ ದೂರವಾದವು. 1960ರ ಜನವರಿಯಲ್ಲಿ ಸೇಂಟ್ ಲೂಯಿಸ್‌ನಿಂದ ಮರಳುತ್ತಿದ್ದ ಮಿನಿಯಾಪೊಲಿಸ್ ಲೇಕರ್ಸ್ ತಂಡದ ವಿಮಾನ ಹಿಮಗಾಳಿಗೆ ಸಿಕ್ಕಿ, ವಿದ್ಯುತ್ ಕೈಕೊಟ್ಟು, ಐಯೊವಾದ ಕ್ಯಾರಲ್ ಎಂಬಲ್ಲಿ ಮೆಕ್ಕೆಜೋಳದ ಹೊಲಕ್ಕಿಳಿಯಿತು. ಪುಣ್ಯಕ್ಕೆ ಎಲ್ಲರೂ ಉಳಿದರು. ಅದೇ ವರ್ಷ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು, ಲೀಗಿನ ನಕ್ಷೆ ಪಶ್ಚಿಮ ಕರಾವಳಿ ಮುಟ್ಟಿತು. 1987ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಸ್ವಂತ ವಿಮಾನ ಕೊಳ್ಳುವವರೆಗೂ ಏಳಡಿಯ ಆಟಗಾರರು ಹೆಚ್ಚಾಗಿ ಸಾಮಾನ್ಯ ಪ್ರಯಾಣಿಕರ ಸೀಟುಗಳಲ್ಲಿ ಮಂಡಿ ಮಡಚಿಕೊಂಡು ಹೋಗುತ್ತಿದ್ದರು.

ಆಟಗಾರರ ಬಾಯಲ್ಲಿ ಒಂದು ಮಾತಿದೆ: ‘ಷೆಡ್ಯೂಲ್ ಲಾಸ್’. ಎದುರಾಳಿಗಲ್ಲ, ಪಟ್ಟಿಗೆ ಸೋತದ್ದು. 2015ರ ಡಿಸೆಂಬರ್‌ನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೋಲನ್ನು ನೋಡಿ. ಸತತ 24 ಗೆಲುವು, ಸೋಲೇ ಇಲ್ಲ. ಡಿಸೆಂಬರ್ 11ರ ರಾತ್ರಿ ಬಾಸ್ಟನ್‌ನಲ್ಲಿ ಎರಡು ಹೆಚ್ಚುವರಿ ಅವಧಿ ಆಡಿ 124-119ರಿಂದ ಗೆದ್ದರು. ಮರುರಾತ್ರಿಯೇ ಮಿಲ್ವಾಕಿಯಲ್ಲಿ ಪಂದ್ಯ. ಅದು ಏಳು ಪಂದ್ಯಗಳ ಪ್ರವಾಸದ ಏಳನೆಯದು. 108-95ರಿಂದ ಸೋತರು. ಮಿಲ್ವಾಕಿ ಆ ವರ್ಷ ಹೇಳಿಕೊಳ್ಳುವಂಥ ತಂಡವಲ್ಲ. ಆ ಋತುವನ್ನು 73 ಗೆಲುವು, 9 ಸೋಲಿನ ದಾಖಲೆಯೊಂದಿಗೆ ಮುಗಿಸಿದ ತಂಡವನ್ನು ಮೊದಲು ಮಣಿಸಿದ್ದರಲ್ಲಿ ದಣಿವಿನ ಪಾಲು ದೊಡ್ಡದು.

ಸ್ಪರ್ಸ್ ತಂಡದ ಆಗಿನ ಕೋಚ್ ಗ್ರೆಗ್ ಪೊಪೊವಿಚ್ ಇದನ್ನು ಬೇಗ ಅರಿತವರು. 2012ರ ನವೆಂಬರ್ 29ರಂದು ಮಯಾಮಿಯಲ್ಲಿ ಪಂದ್ಯವಿತ್ತು. ಆರು ಪಂದ್ಯಗಳ ಪ್ರವಾಸದ ಕೊನೆಯದು, ಐದು ರಾತ್ರಿಗಳಲ್ಲಿ ನಾಲ್ಕನೆಯದು. ತಂಡದ ಮುಖ್ಯ ಆಟಗಾರರಾದ ಡಂಕನ್, ಪಾರ್ಕರ್, ಜಿನೋಬಿಲಿ, ಗ್ರೀನ್ ನಾಲ್ವರನ್ನೂ ಅವರು ಮನೆಗೆ ಕಳಿಸಿಬಿಟ್ಟರು. ದೇಶವೆಲ್ಲ ಟಿ.ವಿ.ಯಲ್ಲಿ ನೋಡುವ ಪಂದ್ಯ ಅದು. ಲೀಗಿನ ಆಗಿನ ಕಮಿಷನರ್ ಡೇವಿಡ್ ಸ್ಟರ್ನ್ ಸಿಟ್ಟಾಗಿ ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿದರು. ತಮಾಷೆಯೆಂದರೆ, ಉಳಿದ ಆಟಗಾರರು 105-100ರವರೆಗೆ ಜಗ್ಗಾಡಿ ಸೋತರು. ದಂಡ ಹಾಕಿದ ಲೀಗೇ ಐದು ವರ್ಷದ ಬಳಿಕ ದಾರಿಗೆ ಬಂತು. 2017-18ರ ಋತುವನ್ನು ಒಂದು ವಾರಕ್ಕೂ ಹೆಚ್ಚು ಮೊದಲೇ ಶುರುಮಾಡಿ, ಐದು ರಾತ್ರಿಗೆ ನಾಲ್ಕು ಪಂದ್ಯದ ಪದ್ಧತಿಯನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಬೆನ್ನಿಗೆ ಬೆನ್ನು ಎರಡು ರಾತ್ರಿ ಆಡುವ ಸಂದರ್ಭಗಳು ಕೆಲವೇ ವರ್ಷಗಳಲ್ಲಿ ತಂಡಕ್ಕೆ ಸುಮಾರು 19ರಿಂದ 14ರ ಆಸುಪಾಸಿಗೆ ಇಳಿದಿದ್ದವು. ಈಗ ಈ ಕೆಲಸಕ್ಕೆ ಕಂಪ್ಯೂಟರಿದೆ. ಆದರೂ ಅಂಗಳದ ಸಂಗೀತ ಕಛೇರಿ, ಹಾಕಿ, ಟಿ.ವಿ. ಕಂಪನಿಗಳ ಬೇಡಿಕೆ, ಎಲ್ಲವನ್ನೂ ತೂಗಿದ ಮೇಲೆ ಉಳಿದ ದಿನವೇ ಗತಿ.

ಕಂಪ್ಯೂಟರಿಗೆ ಭೂಗೋಳ ಬದಲಿಸಲು ಬರುವುದಿಲ್ಲ. ಪೋರ್ಟ್‌ಲೆಂಡ್ ವಾಯವ್ಯದ ಮೂಲೆಯಲ್ಲಿದೆ, ಎಲ್ಲಿಗೆ ಹೋದರೂ ದೂರ. ಮಿನ್ನೆಸೋಟ ತಂಡ ನಕ್ಷೆಯಲ್ಲಿ ನಡುವೆ ಕಂಡರೂ ಅದೇ ಪೋರ್ಟ್‌ಲೆಂಡಿನ ಡಿವಿಷನ್ನಿನಲ್ಲಿದೆ. ಪೂರ್ವದ ಫಿಲಡೆಲ್ಫಿಯದಿಂದ ನ್ಯೂಯಾರ್ಕಿಗಾದರೆ ರೈಲಿನಲ್ಲೇ ಹೋಗಿ ಬರಬಹುದು. ಇನ್ನು ಡೆನ್ವರ್. ಸಮುದ್ರ ಮಟ್ಟದಿಂದ 5,280 ಅಡಿ ಮೇಲೆ, ತೆಳು ಗಾಳಿ. ಹಿಂದಿನ ರಾತ್ರಿ ಬೇರೆಡೆ ಆಡಿ ನಡುರಾತ್ರಿ ಅಲ್ಲಿ ಇಳಿದ ತಂಡಕ್ಕೆ ಮೂರನೆಯ ಕ್ವಾರ್ಟರಿನಲ್ಲಿ ಉಸಿರು ಸಾಲದು.

ಹೀಗಾಗಿ ನಿಮ್ಮ ನೆಚ್ಚಿನ ತಂಡದ ಮುಂದಿನ ಋತು ಅಳೆಯಬೇಕಿದ್ದರೆ ಪತ್ರಿಕೆಗಳ ಶ್ರೇಯಾಂಕ ಬದಿಗಿಟ್ಟು ಕ್ಯಾಲೆಂಡರ್ ಬಿಡಿಸಿ. ಮೊದಲ ಇಪ್ಪತ್ತು ಪಂದ್ಯಗಳಲ್ಲಿ ತವರಿನವು ಎಷ್ಟು, ಅತಿ ದೀರ್ಘ ಪ್ರವಾಸ ಯಾವ ತಿಂಗಳಲ್ಲಿ, ಬೆನ್ನಿಗೆ ಬೆನ್ನು ಆಡುವಾಗ ಎರಡನೆಯ ರಾತ್ರಿ ಎಲ್ಲಿ ಎಂದು ಗುರುತು ಹಾಕಿ. ಜನವರಿಯವರೆಗೆ ಮನೆಯಲ್ಲೇ ಹೆಚ್ಚು ಆಡಿದ ತಂಡ ಅಂಕಪಟ್ಟಿಯ ಮೇಲಿದ್ದರೆ ಅಷ್ಟು ಬೇಗ ನಂಬಬೇಡಿ. ಸ್ಪರ್ಸ್ ಅಭಿಮಾನಿಗಳಾದರೆ ಫೆಬ್ರುವರಿ ಮುಗಿಯುವವರೆಗೆ ಕಾಯಿರಿ. ಚಳಿಗಾಲದಲ್ಲಿ ಡೆನ್ವರಿನ ಸಂಜೆ ಏಳರ ಪಂದ್ಯ ನಮ್ಮಲ್ಲಿ ಬೆಳಿಗ್ಗೆ ಏಳೂವರೆಗೆ ಬರುತ್ತದೆ. ನಿಮ್ಮ ತಂಡಕ್ಕೆ ಅದು ಎರಡನೆಯ ರಾತ್ರಿಯಾಗಿದ್ದರೆ ಅಲಾರಂ ಇಡುವ ಅಗತ್ಯವಿಲ್ಲ.