ನಿಮಗಿದು ಗೊತ್ತೇ? ಹಳೆಯ ಕಟ್ಟಡ, ಕಲಿತ ಕೈ

ಜಮಖಂಡಿಯಿಂದ ವಿಜಯಪುರದ ದಾರಿ ಹಿಡಿದವರು ಕೃಷ್ಣೆಯನ್ನು ದಾಟುವುದು ಚಿಕ್ಕಪಡಸಲಗಿಯಲ್ಲಿ. 1989ರಲ್ಲಿ ರೈತರೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಇಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಮುಂದಾಳತ್ವ ವಹಿಸಿದ ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. ಇಲ್ಲಿ ಹೊಳೆಯ ದಂಡೆಗೆ ನಿಂತರೆ ಬೆನ್ನ ಹಿಂದೆ ಬಾದಾಮಿ ಚಾಲುಕ್ಯರ ಕಲ್ಲು, ಎದುರಿಗೆ ಆದಿಲಶಾಹಿಗಳ ಸುಣ್ಣ. ಎರಡನ್ನೂ ಉಳಿಸಿಕೊಳ್ಳುವುದು ಕಲಿತು ಮಾಡಬೇಕಾದ ಕೆಲಸ. ಆ ಕಲಿಕೆಯ ಕೆಲವು ಸಂಗತಿಗಳು ಇಲ್ಲಿವೆ.

ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಕೈಗೆ ಸಿಗುವ ಸುಟ್ಟ ಸುಣ್ಣ 56 ಕಿಲೋ ಮಾತ್ರ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಗಾರೆ ಮಾಡಿ ಗೋಡೆಗೆ ಮೆತ್ತಿದ ಮೇಲೆ ಅದು ಅದೇ ಅನಿಲವನ್ನು ಗಾಳಿಯಿಂದ ಮರಳಿ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಈ ‘ನಿಧಾನ’ವೇ ಗೌಂಡಿಯ ವಿದ್ಯೆಯ ತಿರುಳು. ಗಾರೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಎಷ್ಟು ದಿನ ಹಸಿ ಗೋಣಿ ಹೊದಿಸಬೇಕು, ಎಷ್ಟು ಹೊತ್ತು ತಟ್ಟಬೇಕು ಎಂಬುದನ್ನು ಪುಸ್ತಕ ಹೇಳಬಹುದು, ಆದರೆ ಗೊತ್ತಾಗುವುದು ಕೈಗೆ.

ಅರಳಿಸಿದ ಸುಣ್ಣ ಹಳತಾದಷ್ಟೂ ಒಳ್ಳೆಯದು. ಮೂರು ವರ್ಷ ತುಂಬದ ಸುಣ್ಣವನ್ನು ಗುತ್ತಿಗೆದಾರ ಬಳಸಬಾರದೆಂಬ ಹಳೆಯ ಕಟ್ಟಳೆ ರೋಮಿನಲ್ಲಿತ್ತು ಎಂದು ಪ್ರಾಚೀನ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ನಮ್ಮಲ್ಲಿ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುತ್ತಿದ್ದರು. ಮುಧೋಳ ತಾಲೂಕಿನ ಲೋಕಾಪುರದ ಸುತ್ತ ಇಂದಿಗೂ ಸುಣ್ಣದ ಕಲ್ಲಿಗೆ ಬರವಿಲ್ಲ. ಬರ ಇರುವುದು ಗಾರೆ ಅರೆಯಲು ಬಲ್ಲವರಿಗೆ.

ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಗಟ್ಟಿಯಾಗುತ್ತದೆ ಎಂದುಕೊಂಡಿದ್ದೀರಾ? ಆಗುವುದು ತಿರುವುಮುರುವು. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಕಟ್ಟಿಹಾಕುತ್ತದೆ. ಕಟ್ಟುಬಿದ್ದ ತೇವ ಪಕ್ಕದ ಮೆತ್ತನೆಯ ಕಲ್ಲಿನೊಳಗೆ ಸರಿದು ಅಲ್ಲಿ ಉಪ್ಪು ಹರಳುಗಟ್ಟುತ್ತದೆ, ಕಲ್ಲಿನ ಮೈ ಹಪ್ಪಳದಂತೆ ಏಳುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಊರ ಗುಡಿಗೆ ಸಿಮೆಂಟು ಬಳಿದು ಕೆಡಿಸಿದ್ದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಅಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ತಿಳಿದು ಹೇಳುವವರು ಇರಲಿಲ್ಲ.

ವಿಜಯಪುರದ ಗೋಲಗುಮ್ಮಟದ ಗುಮ್ಮಟಕ್ಕೆ ಹೊರಮೈಯಲ್ಲಿ ಸುಮಾರು 44 ಮೀಟರ್ ವ್ಯಾಸ. ಸಿಮೆಂಟು ಇಲ್ಲಿಗೂ ಬಂದಿತ್ತು: 1930ರ ದಶಕದಲ್ಲಿ ಅದರ ಹೊರಮೈಗೆ ಉಕ್ಕಿನ ಬಲೆ ಹಾಸಿ ಸಿಮೆಂಟು ಗಾರೆ ಚಿಮ್ಮಿಸಿ ದುರಸ್ತಿ ಮಾಡಲಾಯಿತು. ಆ ಕಾಲಕ್ಕೆ ಅದು ತೀರಾ ಹೊಸ ವಿದ್ಯೆ.

ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆ ನೋಡಿದ್ದೀರಾ? ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿನ ಮೇಲೆ ಮರದ ತುಂಡಿನಂತಹ ಉದ್ದನೆಯ ಕಲ್ಲುಪಟ್ಟಿಗಳನ್ನು ಇಟ್ಟಿದ್ದಾರೆ, ಮಳೆನೀರು ಸಂದಿಗೆ ಇಳಿಯದಿರಲೆಂದು. ಮರದಲ್ಲಿ ಕಲಿತದ್ದನ್ನು ಕಲ್ಲಿಗೆ ತಂದ ಜಾಣತನ ಅದು.

ನಮ್ಮ ವಾಡೆಗಳ, ಮಾಳಿಗೆ ಮನೆಗಳ ಮೇಲ್ಮುದ್ದೆಗೆ ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಬೆಳೆಗೆ ಬಾರದ ಆ ಮಣ್ಣು ಮಳೆಗೆ ನೆನೆದಾಗ ಅದರ ಕಣ ಬಿಡಿಬಿಡಿಯಾಗಿ ಹರಡಿ ರಂಧ್ರ ಮುಚ್ಚುತ್ತದೆ, ನೀರು ಕೆಳಗಿಳಿಯದು. ಜಂತಿಯ ಮನೆ ಸೋರಿದರೆ ಈಗ ನೇರ ಸ್ಲ್ಯಾಬಿಗೆ ಹೋಗುತ್ತೇವೆ. ಹೊಲದ ಮಣ್ಣು ನೋಡಿ ‘ಇದು ಮಾಳಿಗೆಗೆ ಬರ್ತದ’ ಎಂದು ಹೇಳಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ.

ಇನ್ನು ಶಾಲೆಗಳ ಮಾತು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ತರಬೇತಿ ಶಾಲೆ 1959ರಲ್ಲಿ ಶುರುವಾಯಿತು, 1985ರಲ್ಲಿ ಸಂಸ್ಥೆಯಾಗಿ ಬೆಳೆಯಿತು, ಈಗ ಗ್ರೇಟರ್ ನೋಯ್ಡಾದಲ್ಲಿದೆ. ಕಾರ್ಕಳದ ಬಳಿ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಸಂಸ್ಥೆ ಕಲ್ಲು, ಮರ, ಲೋಹದ ಶಿಲ್ಪ ಕಲಿಸುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಾದಾಮಿಯ ಬನಶಂಕರಿಯಲ್ಲೇ ಶಿಲ್ಪಕಲೆಯ ಪಾಠ ನಡೆಸಿದೆ. ಚಾಲುಕ್ಯರ ಗುಹೆಗಳ ನೆರಳಿನಲ್ಲಿ ಉಳಿ ಹಿಡಿಯುವುದೆಂದರೆ ಅದಕ್ಕಿಂತ ಒಳ್ಳೆಯ ತರಗತಿ ಬೇರೆಲ್ಲಿದೆ?

ರೋಮಿನಲ್ಲಿ ಐಸಿಸಿಆರ್‌ಒಎಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿದೆ. ಪಾರಂಪರಿಕ ಕಟ್ಟಡ, ವಸ್ತುಗಳ ಸಂರಕ್ಷಣೆಗೆ ಜಗತ್ತಿನ ತಜ್ಞರನ್ನು ತಯಾರು ಮಾಡುವುದು ಅದರ ಕೆಲಸ. ಅದನ್ನು ಸ್ಥಾಪಿಸಬೇಕೆಂಬ ತೀರ್ಮಾನವಾದದ್ದು ನಮ್ಮ ದೆಹಲಿಯಲ್ಲಿ, 1956ರ ಯುನೆಸ್ಕೋ ಮಹಾಸಭೆಯಲ್ಲಿ.

ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡ ರಕ್ಷಣಾ ಸಂಘ 1930ರಿಂದ ಎಳೆಯ ವಾಸ್ತುಶಿಲ್ಪಿಗಳಿಗೆ ವಿದ್ಯಾರ್ಥಿವೇತನ ಕೊಟ್ಟು ಊರೂರು ತಿರುಗಿಸಿ ಕಲಿಸುತ್ತಿದೆ. ಕುಶಲಕರ್ಮಿಗಳಿಗೆ ಅಂಥದೇ ಅವಕಾಶ ಸಿಕ್ಕಿದ್ದು 1980ರ ದಶಕದಲ್ಲಿ. ನಕ್ಷೆ ಬರೆಯುವವನಿಗೂ ಕಲ್ಲು ಕೂರಿಸುವವನಿಗೂ ನಡುವೆ ಅರ್ಧ ಶತಮಾನದ ಅಂತರ! ನಮ್ಮ ದೇಶದಲ್ಲೂ ಸಂರಕ್ಷಣೆಯಲ್ಲಿ ಸ್ಥಪತಿ, ಮೇಸ್ತ್ರಿಗಳ ಪಾತ್ರವನ್ನು 2014ರ ರಾಷ್ಟ್ರೀಯ ಸಂರಕ್ಷಣಾ ನೀತಿ ಎತ್ತಿಹಿಡಿದಿದೆ. ನೀತಿ ನಮ್ಮ ಜಮಖಂಡಿ, ಬೀಳಗಿಯ ಗೌಂಡಿಯ ಮನೆ ಬಾಗಿಲಿಗೂ ಬರಬೇಕು.

ಕುಸಿಯುತ್ತಿರುವ ಗುಡಿಯನ್ನು ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ಒಂದು ಸಂಖ್ಯೆ ಬರೆಯುತ್ತಾರೆ, ನಕ್ಷೆ, ಫೋಟೋ ತೆಗೆಯುತ್ತಾರೆ. ಮತ್ತೆ ಕಟ್ಟುವಾಗ ಕಲ್ಲು ತನ್ನ ಜಾಗಕ್ಕೇ ಬಂದು ಕೂರಬೇಕು. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಕರ್ನಾಟಕದ ನೂರಾರು ಗುಡಿಗಳನ್ನು ಜೀರ್ಣೋದ್ಧಾರ ಮಾಡಿದೆ. ವೆಚ್ಚದಲ್ಲಿ ಊರವರಿಗೂ ಪಾಲಿರುತ್ತದೆ.

ಕಡೆಗೆ, ಕುಶಲಕರ್ಮಿಗೆ ಪದವಿ ಕೊಡುವುದು ನಿನ್ನೆ ಮೊನ್ನೆಯ ಸಂಗತಿಯೇನಲ್ಲ. 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷ ಎನ್ನುವ ಗುಡಿಯ ಶಾಸನಗಳು ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿದ್ದನ್ನು ಹೇಳುತ್ತವೆ. ಅಲ್ಲಿನದೇ ಶಾಸನದಲ್ಲಿ ಸರ್ವಸಿದ್ಧಿ ಆಚಾರಿ ‘ತೆಂಕಣ ದಿಸೆಯ ಸೂತ್ರಧಾರಿ’, ಅಂದರೆ ದಕ್ಷಿಣ ದಿಕ್ಕಿನ ವಾಸ್ತುಶಿಲ್ಪಿ, ಎನಿಸಿಕೊಂಡಿದ್ದಾನೆ. ಹತ್ತಿರದ ಶಂಕರಲಿಂಗನ ಗುಂಡು ಎಂಬಲ್ಲಿ ಆ ಕಾಲದ ಕಲ್ಲುಗಣಿಯಿದೆ. ಗುಡಿಗೆ ಕಲ್ಲು ಎಬ್ಬಿಸಿದವರು ಅಲ್ಲಿನ ಬಂಡೆಯ ಮೇಲೆ ತಮ್ಮ ಹೆಸರು ಕೊರೆದು ಹೋಗಿದ್ದಾರೆ.