ಫರಸಿ ಸುಟ್ಟರೂ ಸುಡದ ಕಾಲು

ಏಪ್ರಿಲ್ ಬಂತೆಂದರೆ ಭಂಕೂರಿನಲ್ಲಿ ಬಿಸಿಲು ಮೇಲಿನಿಂದ ಬೀಳುವುದಷ್ಟೇ ಅಲ್ಲ, ನೆಲದಿಂದಲೂ ಏಳುತ್ತದೆ. ಶಹಾಬಾದಿನ ಮಗ್ಗುಲಿನ ಈ ಊರಿನಲ್ಲಿ ಕಲ್ಲಿಗೆ ಬರವಿಲ್ಲ. ಅಂಗಳಕ್ಕೆ ಫರಸಿ, ಕಟ್ಟೆಗೆ ಫರಸಿ, ಬಚ್ಚಲಿಗೂ ಫರಸಿ. ಭೀಮಾ ಸೀಮೆಯ ನೆಲದಡಿ ಪದರ ಪದರವಾಗಿ ಕೂತ ಸುಣ್ಣಗಲ್ಲು ಎಬ್ಬಿಸಿದರೆ ಹಲಗೆ ಹಲಗೆಯಾಗಿ ಬರುತ್ತದೆ. ಅದೇ ಶಹಾಬಾದ್ ಕಲ್ಲು ಎಂದು ಊರೂರಿಗೆ ಹೋಗಿದೆ. ಪಾರಾ 42 ಡಿಗ್ರಿ ಮುಟ್ಟುವ ಮಧ್ಯಾಹ್ನ ಆ ಹಲಗೆಯ ಮೇಲೆ ಬರಿಗಾಲು ಇಟ್ಟವರು ಕುಣಿಯುತ್ತಲೇ ದಾಟುತ್ತಾರೆ. ಹುಡುಗರು ನೆರಳಿನಿಂದ ನೆರಳಿಗೆ ಹಾರುತ್ತಾರೆ.

ಅಂಥ ಅಂಗಳವನ್ನು ಒಬ್ಬ ಹಿರಿಯಾಕೆ ಸಾವಕಾಶ ದಾಟುತ್ತಿದ್ದಾರೆ. ಒಂದು ಕಾಲಿನಲ್ಲಿ ಚಪ್ಪಲಿ ಇದೆ. ಇನ್ನೊಂದು ಹೊಸ್ತಿಲ ಹತ್ತಿರವೇ ಕಳಚಿ ಬಿದ್ದಿದೆ.

‘ಅತ್ತಿ, ಚಪ್ಪಲಿ ಅಲ್ಲೇ ಬಿಟ್ಟು ಬಂದೀರಿ ನೋಡ್ರಿ. ಕಾಲು ಸುಡವಲ್ದೇನು?’ ಒಳಗಿನಿಂದ ಸೊಸೆಯ ಕೂಗು.

‘ಹೌದೇನು?’ ಎಂದು ಅವರು ಬಗ್ಗಿ ತಮ್ಮ ಪಾದವನ್ನೇ ನೋಡಿಕೊಳ್ಳುತ್ತಾರೆ. ಕಾಲು ಎಲ್ಲಿದೆ, ಅದರ ಕೆಳಗೆ ಏನಿದೆ ಎಂಬುದನ್ನು ಈಗ ಕಣ್ಣೇ ಹೇಳಬೇಕು.

ಎದೆಯ ಗಂಟು ತೆಗೆಸಿ, ಕೀಮೋ ಮುಗಿಸಿ, ಕರೆಂಟನ್ನೂ (ವಿಕಿರಣ ಚಿಕಿತ್ಸೆಗೆ ಇಲ್ಲಿಯ ಹೆಸರು) ಕೊಡಿಸಿಕೊಂಡು ಬಂದ ಜೀವ ಇದು. ಉದುರಿದ ಕೂದಲು ಮತ್ತೆ ಬಂದಿದೆ, ಬಾಯಿಗೆ ರುಚಿ ಮರಳಿದೆ. ಓಣಿಯವರ ಲೆಕ್ಕದಲ್ಲಿ ‘ಆರಾಮ ಆಗ್ಯಾರ’. ಅವರೂ ಕೇಳಿದವರಿಗೆ ಹಾಗೆಯೇ ಹೇಳುತ್ತಾರೆ. ಪಕ್ಕದಲ್ಲಿ ಕೂತು ಎರಡನೇ ಸಲ ಕೇಳಿದರೆ ಮಾತ್ರ ಮಾತು ಬದಲಾಗುತ್ತದೆ: ‘ಆರಾಮ ಅದೀನ್ರಿ. ಖರೆ, ಅಂಗಾಲಿನಾಗ ಇರವಿ ಹರದಾಡಿದಂಗ ಆಗ್ತದ. ರಾತ್ರಿ ಉರಿ ಏಳ್ತದ. ಬೆಳಗಾದ್ರ ಜೋಮು. ಜೀವ ಉಳದದ, ಇದೇನು ದೊಡ್ಡದು ಅಂತ ಯಾರಿಗೂ ಹೇಳಂಗಿಲ್ಲ.’

ಅಡಿಗೆಮನೆಯಲ್ಲಿ ಈ ಜೋಮಿನ ನಿಜವಾದ ಅಳತೆ ಸಿಗುತ್ತದೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು, ಬಿಸಿ ಇರುವಾಗಲೇ ನಾದಬೇಕು. ಬಡಿಯುವಾಗ ಅಂಚು ತೆಳುವಾಯಿತೋ ಇಲ್ಲವೋ, ಕೆಳಗೆ ಹಿಟ್ಟು ಹತ್ತಿತೋ ಏನೋ, ಎಲ್ಲವನ್ನೂ ತಿಳಿಸುವುದು ಬೆರಳ ತುದಿ. ನಲವತ್ತು ವರ್ಷ ಕಣ್ಣು ಮುಚ್ಚಿ ರೊಟ್ಟಿ ಬಡಿದ ಕೈಗೆ ಈಗ ಆ ಸುದ್ದಿ ಮುಟ್ಟುವುದಿಲ್ಲ. ರೊಟ್ಟಿ ನಡುವೆ ಹರಿಯುತ್ತದೆ. ಎಸರು ಸುಟ್ಟದ್ದು ಸಂಜೆ ಬೊಬ್ಬೆ ಎದ್ದಾಗಲೇ ಗೊತ್ತಾಗುತ್ತದೆ. ಸೊಸೆ ಹೆದರಿ ಅತ್ತೆಯನ್ನು ಒಲೆಯಿಂದ ದೂರ ಕೂಡಿಸಿದ್ದಾಳೆ. ಪ್ರೀತಿಯಿಂದ ಮಾಡಿದ್ದೇ ಹೌದು. ಆದರೂ ಮನೆಯೊಳಗೆ ತನ್ನ ಜಾಗ ಹೋಯಿತೆಂಬ ನೋವು ಅತ್ತೆಗೆ ಉರಿಗಿಂತ ಹೆಚ್ಚು.

ಇಲ್ಲಿಂದ ಸ್ವಲ್ಪ ದೂರದ ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಈ ಸೀಮೆಯ ಕ್ಯಾನ್ಸರಿನ ದಾರಿಗಳೆಲ್ಲ ಕಾಣುತ್ತವೆ. ಒಂದು ಹಳಿ ಸೋಲಾಪುರದ ಕಡೆಗೆ. ಆ ದಿಕ್ಕಿನಲ್ಲಿ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ, ಇನ್ನೂ ಮುಂದೆ ಮುಂಬೈಯ ಟಾಟಾ. ಇನ್ನೊಂದು ಚಿತ್ತಾಪುರ, ಸೇಡಂ ದಾಟಿ ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಯ ಕಡೆಗೆ. ಮೂರನೆಯದು ರಾಯಚೂರಿನ ಮೇಲೆ ಬೆಂಗಳೂರಿಗೆ, 1973ರಲ್ಲಿ ಶುರುವಾದ ಕಿದ್ವಾಯಿಗೆ. ಕಿದ್ವಾಯಿಯ ಘಟಕ ಕಲಬುರಗಿಯಲ್ಲೂ ಇದೆ. ಪ್ಲಾಟ್‌ಫಾರ್ಮಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಫೈಲು ಹಿಡಿದು, ತಲೆಗೆ ಸೆರಗು ಬಿಗಿದು ಕೂತವರನ್ನು ನೋಡಿದರೆ ಯಾವ ಗಾಡಿ, ಯಾವ ಆಸ್ಪತ್ರೆ ಎಂದು ಊಹಿಸಬಹುದು. ಟಿಕೆಟಿಗಾಗಿ ಜೇಬಿಗೆ ಕೈ ಹಾಕಿ, ಬೆರಳಿಗೆ ನಾಣ್ಯ ಸಿಗದೆ ಇಡೀ ಜೇಬನ್ನೇ ಹೊರಗೆ ತೆಗೆಯುವವರೂ ಅವರಲ್ಲಿದ್ದಾರೆ.

ನರದೊಳಗೂ ಹಳಿಗಳಿವೆ. ಬೆನ್ನಿನ ಬುಡದಿಂದ ಕಾಲ್ಬೆರಳಿನ ತನಕ ಒಂದೊಂದು ನರತಂತು ಹತ್ತಿರ ಹತ್ತಿರ ಒಂದು ಮೀಟರು. ಅದರ ತುದಿಗೆ ಬೇಕಾದ ಸಾಮಾನೆಲ್ಲ ಅತಿಸಣ್ಣ ಕೊಳವೆಗಳ ಮೇಲೆ ಸಾಗಬೇಕು. ಎದೆ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಈ ಕೊಳವೆಗಳನ್ನೇ ಬಿಗಿದುಬಿಡುತ್ತದೆ. ಕ್ಯಾನ್ಸರ್ ಕಣ ಒಡೆದು ಎರಡಾಗದಂತೆ ತಡೆಯುವುದೂ ಇದೇ, ನರದ ಸಾಗಾಟ ನಿಲ್ಲಿಸುವುದೂ ಇದೇ. ಉದ್ದದ ದಾರಿಗೆ ಮೊದಲ ಪೆಟ್ಟು. ಅದಕ್ಕೇ ಜೋಮು ಪಾದದಲ್ಲಿ ಹುಟ್ಟಿ ಕಾಲುಚೀಲದ ಎತ್ತರಕ್ಕೆ ಏರುತ್ತದೆ, ಆಮೇಲೆ ಕೈಗವಸಿನ ಜಾಗ ಹಿಡಿಯುತ್ತದೆ. ಮೊದಲೇ ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ಈ ಮದ್ದಿನ ಹುಟ್ಟಿನಲ್ಲಿ ನಮ್ಮ ಪಕ್ಕದ ರಾಜ್ಯದವರ ಕೈ ಇದೆ. ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನಸುಖ್ ವಾನಿ, ಅಮೆರಿಕದಲ್ಲಿ ಮನ್ರೋ ವಾಲ್ ಜೊತೆ ಯೂ ಮರದ ತೊಗಟೆಯಿಂದ ಇದನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಅಂತೂ ನಮ್ಮ ಅಂಗಳದ ನಿತ್ಯಪುಷ್ಪದ್ದೇ. ಅದನ್ನು ಪಡೆದ ಮಕ್ಕಳಲ್ಲಿ ಕೆಲವರಿಗೆ ಪಾದ ಮೇಲೆತ್ತುವ ಬಲ ಕುಗ್ಗುತ್ತದೆ, ಬೆರಳು ನೆಲಕ್ಕೆ ತಾಗಿ ಎಡವುತ್ತಾರೆ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ನಿನದು ಬೇರೆ ಚಾಳಿ. ಸಲಾಯಿನ್ ಏರಿದ ಮೇಲೆ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳು ಚುರ್ರೆನ್ನುತ್ತದೆ, ಫ್ರಿಜ್ಜಿನ ನೀರು ಕುಡಿದರೆ ಗಂಟಲು ಹಿಡಿಯುತ್ತದೆ. ಈ ಮದ್ದು ತರುವ ಜೋಮು ಕೀಮೋ ಮುಗಿದ ಮೇಲೂ ಎರಡು-ಮೂರು ತಿಂಗಳು ಏರುತ್ತಲೇ ಹೋಗಬಹುದು. ‘ಸೂಜಿ ಬಂದ್ ಆಗ್ಯಾವ, ಬ್ಯಾನಿ ಯಾಕ ಹೆಚ್ಚಾಗಲತ್ತದ?’ ಎಂದು ಗಾಬರಿಯಾದವರಿಗೆ ಇದನ್ನು ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಇದು ಅಪರೂಪದ ತೊಂದರೆಯೂ ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ನರಕ್ಕೆ ಪೆಟ್ಟು ಕೊಡಬಲ್ಲ ಕೀಮೋ ಮುಗಿದ ಮೊದಲ ತಿಂಗಳಲ್ಲಿ ಸುಮಾರು ಶೇ 68ರಷ್ಟು ಜನರಿಗೆ ಈ ಬಾಧೆ ಇರುತ್ತದೆ. ಆರು ತಿಂಗಳ ನಂತರವೂ ಶೇ 30ರಷ್ಟು ಜನರಲ್ಲಿ ಅದು ಉಳಿಯುತ್ತದೆ.

ಕತ್ತಲಾದ ಮೇಲೆ ಕಷ್ಟ ಇನ್ನೊಂದು. ಕರೆಂಟ್ ಹೋದಾಗ ಕಣ್ಣಿನ ಆಸರೆಯೂ ತಪ್ಪುತ್ತದೆ. ನೆಲದ ಸುಳಿವು ಸಿಗದ ಪಾದಗಳು ತೂಗಾಡುತ್ತವೆ, ಒದ್ದೆ ಫರಸಿಯ ಬಚ್ಚಲಲ್ಲಿ ಜಾರುತ್ತವೆ. ಖಣಿಯಲ್ಲಿ ದುಡಿದವನಿಗೆ, ಪಾಲಿಶ್ ಮಷೀನಿನ ಮುಂದೆ ನೀರಲ್ಲಿ ನಿಂತು ಕೂಲಿ ಗಳಿಸಿದವನಿಗೆ, ಇದು ಹೊಟ್ಟೆಪಾಡಿನ ಪ್ರಶ್ನೆ. ಕಲ್ಲಿನ ಚಕ್ಕೆ ಹೊಕ್ಕಿದ್ದು ಕೀವಾದ ಮೇಲೆ ತಿಳಿಯುವ ಕಾಲನ್ನು ಇಟ್ಟುಕೊಂಡು ಅಲ್ಲಿಗೆ ಹೋಗುವುದು ಹೇಗೆ? ಕೇಪ್‌ಸಿಟಾಬಿನ್ ಎಂಬ ಕೀಮೋ ಗುಳಿಗೆ ನುಂಗುವವರದ್ದು ನರದ್ದಲ್ಲ, ಚರ್ಮದ ಬಾಧೆ. ಅಂಗೈ ಸುಲಿದು ಬೆರಳ ಗೆರೆಗಳೇ ಮಾಸಬಹುದು. ರೇಷನ್ ಅಂಗಡಿಯ ಮಷೀನು ಹೆಬ್ಬೆಟ್ಟು ಒಪ್ಪದಿದ್ದಾಗಲೇ ಕೆಲವರಿಗೆ ಅದು ಗಮನಕ್ಕೆ ಬರುವುದು.

ಪರಿಹಾರ ಕೇಳಿದರೆ ಊರಲ್ಲಿ ಮೊದಲು ಸಿಗುವುದು ‘ತಾಕತ್ತಿನ ಸೂಜಿ’, ಬಿ-ಕಾಂಪ್ಲೆಕ್ಸ್. ಅದು ಈ ಜೋಮನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ. ತಡೆಗೆಂದು ಅಸೆಟೈಲ್ ಎಲ್-ಕಾರ್ನಿಟಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗವೊಂದರಲ್ಲಿ ಬಾಧೆ ಹೆಚ್ಚೇ ಆಯಿತು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ನೋವಿಗೆ ಶಿಫಾರಸು ಪಡೆದ ಗುಳಿಗೆ ಡುಲೊಕ್ಸೆಟಿನ್ ಒಂದೇ. 2013ರ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಶೇ 59ರಷ್ಟು ಜನರಿಗೆ ನೋವು ಸ್ವಲ್ಪವಾದರೂ ಇಳಿಯಿತು. ಬರಿಯ ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಇಳಿದದ್ದು ಶೇ 38ರಷ್ಟು ಜನರಿಗೆ. ಅದು ಖಿನ್ನತೆಗೂ ಕೊಡುವ ಔಷಧ. ‘ತಲಿ ಕೆಟ್ಟವರ ಗುಳಿಗಿ ನನಗ್ಯಾಕ?’ ಎಂದು ಚೀಟಿ ಮಡಚಿಡುವವರಿಗೆ ಅದೇ ಗುಳಿಗೆ ನರದ ನೋವಿಗೂ ಕೊಡುತ್ತಾರೆ ಎಂದು ತಿಳಿಸಿ ಹೇಳಿದರೆ ಸಾಕು. ಉಳಿದದ್ದು ಮನೆಯಲ್ಲೇ ಆಗಬೇಕು: ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ರಾತ್ರಿ ಮಲಗುವ ಮುಂಚೆ ಪಾದ ತಿರುವಿ ನೋಡುವ ರೂಢಿ, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುವುದು, ಬಚ್ಚಲ ಗೋಡೆಗೊಂದು ಹಿಡಿ, ಗೋಡೆ ಹಿಡಿದು ನಿತ್ಯ ನಡೆಯುವ ಅಭ್ಯಾಸ.

ಆದರೆ ಎಲ್ಲಕ್ಕಿಂತ ಬಲವಾದ ಉಪಾಯ ಕೀಮೋ ನಡೆಯುತ್ತಿರುವಾಗಲೇ ಇದೆ. ಡೋಸು ಇಳಿಸಬಹುದು, ಮುಂದೂಡಬಹುದು, ಕೆಲವೊಮ್ಮೆ ಮದ್ದನ್ನೇ ಬದಲಿಸಬಹುದು. ಅದಕ್ಕೆ ಡಾಕ್ಟರಿಗೆ ವಿಷಯ ತಿಳಿದಿರಬೇಕು. ಇಲ್ಲಿಯವರು ಹೇಳುವುದಿಲ್ಲ. ಹೇಳಿದರೆ ಸೂಜಿ ನಿಲ್ಲಿಸುತ್ತಾರೆ, ಗಂಟು ಮತ್ತೆ ಬರುತ್ತದೆ ಎಂಬ ಅಂಜಿಕೆ. ಪರದೇಶದಲ್ಲಿ ಈ ಜೋಮನ್ನು ಕೇಳಿ ತಿಳಿಯಲೆಂದೇ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ: ಪೆನ್ನು ಹಿಡಿಯಲು ಆಗುತ್ತದೆಯೇ, ಗುಂಡಿ ಹಾಕಲು ಬರುತ್ತದೆಯೇ, ಬಿಸಿನೀರು ತಣ್ಣೀರಿನ ಫರಕು ತಿಳಿಯುತ್ತದೆಯೇ? ನಮ್ಮ ಕಡೆ ರೊಟ್ಟಿ ಬಡಿಯುವುದನ್ನು, ತೊಗರಿ ಹಸನು ಮಾಡುವುದನ್ನು, ಸೂಜಿಗೆ ದಾರ ಪೋಣಿಸುವುದನ್ನು ಕೇಳಬೇಕು. ಕೇಳುವ ಡಾಕ್ಟರು ಸಿಗುವ ತನಕ ಕಾಯಬೇಕಾಗಿಲ್ಲ. ಜೋಮು ಯಾವ ತಾರೀಖಿಗೆ ಶುರುವಾಯಿತು, ಎಲ್ಲಿಯ ತನಕ ಏರಿದೆ, ಯಾವ ಕೆಲಸ ಕೈಬಿಟ್ಟಿದೆ ಎಂದು ಶಾಲೆಗೆ ಹೋಗುವ ಮೊಮ್ಮಗಳ ಕೈಯಲ್ಲಿ ಬರೆಸಿ ಫೈಲಿನ ಮೇಲ್ಹಾಳೆಗೆ ಹಚ್ಚಿಡಿ. ಮುಂದಿನ ಸಲಾಯಿನ್ ಏರಿಸುವ ಮೊದಲು ಅದನ್ನು ಡಾಕ್ಟರ ಮುಂದೆ ಓದಿಸಿ.