ಯೂನಿಯಾ: ಅವನೋ, ಅವಳೋ?

ವಾಚಕರೇ, ಮನೆಯಲ್ಲಿ ಬೈಬಲ್ ಇದ್ದರೆ, ಸಂತ ಪೌಲನು ರೋಮಿನ ಸಭೆಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ತೆರೆದು ನೋಡಿ. ತನ್ನೊಡನೆ ಸೆರೆವಾಸ ಕಂಡ ಇಬ್ಬರಿಗೆ ಆತ ಅಲ್ಲಿ ವಂದನೆ ಹೇಳುತ್ತಾನೆ. ಅಪೊಸ್ತಲರಲ್ಲಿ ಹೆಸರಾದವರೆಂದು ಕೊಂಡಾಡುತ್ತಾನೆ. ಒಬ್ಬ ಅಂದ್ರೋನಿಕ. ಇನ್ನೊಂದು ಹೆಸರು ಯೂನಿಯಾ. ಇದು ಗಂಡಸಿನದೋ, ಹೆಂಗಸಿನದೋ?

ಗ್ರೀಕಿನ ದ್ವಿತೀಯಾ ವಿಭಕ್ತಿಯಲ್ಲಿ ಅಕ್ಷರಗಳು ಎರಡಕ್ಕೂ ಒಂದೇ. ಮೇಲಿನ ಸ್ವರಚಿಹ್ನೆಯಷ್ಟೇ ಬೇರೆ. ಪ್ರಾಚೀನ ಹಸ್ತಪ್ರತಿಗಳಲ್ಲಿ ಆ ಚಿಹ್ನೆಯೇ ಇಲ್ಲ. ನಮ್ಮ ಓಲೆಗರಿಗಳಲ್ಲಿ ಎಕಾರ ಏಕಾರಗಳ ಭೇದ ಕಾಣದೆ ತಡವರಿಸಿದವರಿಗೆ ಈ ಕಷ್ಟ ಹೊಸದಲ್ಲ. ಆದರೆ ಯೂನಿಯಾ ಎಂಬ ಸ್ತ್ರೀನಾಮ ರೋಮಿನಲ್ಲಿ ಬಹು ಬಳಕೆಯದು. ಯೂನಿಯಾಸ್ ಎಂಬ ಪುರುಷನಾಮ ಆ ಕಾಲದ ಶಾಸನಗಳಲ್ಲಿ ದೊರೆತಿಲ್ಲ. ನಾಲ್ಕನೆಯ ಶತಮಾನದ ಪ್ರವಚನಕಾರ ಯೋಹಾನ ಕ್ರಿಸೊಸ್ತೊಮನು ಆಕೆಯನ್ನು ಹೆಣ್ಣೆಂದೇ ಹೊಗಳಿದ. 1611ರ ಇಂಗ್ಲಿಷ್ ಬೈಬಲಿನಲ್ಲೂ ಯೂನಿಯಾ ಎಂದೇ ಇದೆ.

1927ರಲ್ಲಿ ನೆಸ್ಲೆಯವರ ಗ್ರೀಕ್ ಪಾಠ ಪುಲ್ಲಿಂಗದ ಚಿಹ್ನೆ ಹಚ್ಚಿತು. 1946ರ ಪರಿಷ್ಕೃತ ಇಂಗ್ಲಿಷ್ ಅನುವಾದವಂತೂ ಮೂಲದಲ್ಲಿಲ್ಲದ 'ಗಂಡಸರು' ಎಂಬ ಮಾತನ್ನೂ ಸೇರಿಸಿತು! ಹೆಣ್ಣು ಅಪೊಸ್ತಲಳಾಗಿರಲಾರಳೆಂಬ ಎಣಿಕೆಯೇ ಇಲ್ಲಿ ವ್ಯಾಕರಣವನ್ನು ತಿದ್ದಿತೆಂದು ನನ್ನ ಅಭಿಪ್ರಾಯ. 1989ರ ಪರಿಷ್ಕರಣದಲ್ಲಿ ಆಕೆ ಹೆಣ್ಣಾಗಿ ಮರಳಿದಳು. 1998ರಲ್ಲಿ ಗ್ರೀಕ್ ಪಾಠವೂ ತಿದ್ದಿತು.

ಸ್ತ್ರೀಯರಿಗೆ ಗುರುಪಟ್ಟ ಸಲ್ಲುವುದೇ ಎಂಬ ವಾದದಲ್ಲಿ ಈಕೆಯ ಹೆಸರು ಸಾಕ್ಷಿಯಾಗಿ ಬರುತ್ತದೆ. ಚರ್ಚೆಯೇನೋ ಮುಗಿದಿಲ್ಲ. 2001ರ ಮತ್ತೊಂದು ಇಂಗ್ಲಿಷ್ ಅನುವಾದದ ಪ್ರಕಾರ ಆ ಇಬ್ಬರು ಅಪೊಸ್ತಲರಿಗೆ ಚೆನ್ನಾಗಿ ಪರಿಚಿತರು, ಅಷ್ಟೆ. ಕನ್ನಡದ 'ಅಪೊಸ್ತಲರಲ್ಲಿ ಹೆಸರಾದವರು' ಎಂಬ ಮಾತು ಎರಡು ಅರ್ಥಕ್ಕೂ ಎಡೆಗೊಡುತ್ತದೆ. ಗಂಡು ಹೆಣ್ಣೆಂಬ ಗೊಡವೆಗೂ ಹೋಗುವುದಿಲ್ಲ.